ಫುಟ್‌ಪಾತ್ ಕಲ್ಲಿಗೆ ಎಷ್ಟು ದೂರ? ಸೆನ್ಸರ್, ಕ್ಯಾಮೆರಾ, ಗುರುತು, ಎಡಗನ್ನಡಿ

ರಸ್ತೆ ಬದಿ ನಿಂತ ಎರಡು ಕಾರುಗಳ ನಡುವೆ ನಮ್ಮ ಕಾರನ್ನು ರಿವರ್ಸ್‌ನಲ್ಲಿ ಸೇರಿಸುವಾಗ ಫುಟ್‌ಪಾತ್ ಎಡಕ್ಕೆ, ನಾವು ಕೂರುವುದು ಬಲಕ್ಕೆ. ಕಲ್ಲು ಕಣ್ಣಿಗೆ ಬೀಳುವುದೇ ಇಲ್ಲ. ಚಕ್ರಕ್ಕೂ ಕಲ್ಲಿಗೂ ಒಂದು ಗೇಣು ಉಳಿದರೆ ಸರಿ. ಮೀರಿ ಒಳಗೆ ಹೋದರೆ ಟೈರಿನ ಪಕ್ಕೆ ಉಜ್ಜುತ್ತದೆ. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಹೊಸದೇ ಹಾಕಿಸಬೇಕು. ಒಂದೇ ಹ್ಯಾಚ್‌ಬ್ಯಾಕ್‌ನಲ್ಲಿ, ಸುಮಾರು 15 ಸೆಂ.ಮೀ. ಎತ್ತರದ ಕಲ್ಲಿನ ಪಕ್ಕ ನಾಲ್ಕೂ ಉಪಾಯ ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗಿತ್ತು.

ಹಿಂಬದಿ ಸೆನ್ಸರ್ 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯ. ಹಿಂದೆ ನಿಂತ ಕಾರಿನ ವಿಷಯದಲ್ಲಿ ನಂಬಬಹುದು, ಕಲ್ಲಿನ ವಿಷಯದಲ್ಲಿ ಬೇಡ. ಸೆನ್ಸರ್ ಇರುವುದು ಬಂಪರ್ ಎತ್ತರದಲ್ಲಿ, ನೋಡುವುದು ಹಿಂದಕ್ಕೆ. ತಗ್ಗಾದ ಕಲ್ಲು ಅದರ ಕೆಳಗೇ ಉಳಿಯುತ್ತದೆ. ಬೀಪ್ ಬರಲಿಲ್ಲ ಎಂದರೆ ಜಾಗ ಇದೆ ಎಂದರ್ಥವಲ್ಲ.

ಕ್ಯಾಮೆರಾದಲ್ಲಿ ಕಲ್ಲು ಕಾಣುತ್ತದೆ, ಆದರೆ ಪರದೆಯ ಗೆರೆಗಳು ಸಮತಟ್ಟು ನೆಲಕ್ಕೆ ಲೆಕ್ಕ ಹಾಕಿದವು. ಕಲ್ಲಿನ ಮೇಲಂಚು ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಇದ್ದದ್ದಕ್ಕಿಂತ ದೂರ ಕಾಣುತ್ತದೆ. ಕಲ್ಲು ನೆಲ ಮುಟ್ಟುವ ಬುಡದ ಗೆರೆಯನ್ನೇ ನೋಡಬೇಕು. ಮಳೆಗಾಲದಲ್ಲಿ ಲೆನ್ಸ್ ಮೇಲೆ ಕೆಸರು ಕೂತರೆ ಅದೂ ಇಲ್ಲ.

ಗುರುತಿನ ಉಪಾಯಕ್ಕೆ ದುಡ್ಡು ಬೇಡ. ಗೇಣು ಅಂತರದಲ್ಲಿ ಕಾರು ನೇರವಾಗಿ ನಿಲ್ಲಿಸಿ, ಸೀಟಿನಿಂದ ನೋಡಿದಾಗ ಕಲ್ಲಿನ ಗೆರೆ ಬಾನೆಟ್ ಅಂಚನ್ನು ಎಲ್ಲಿ ಮುಟ್ಟುತ್ತದೋ ಅದಕ್ಕೆ ಸರಿಯಾಗಿ ಗಾಜಿನ ಕೆಳಗೆ ಚೂರು ಟೇಪ್ ಅಂಟಿಸಿ. ಸಾಮಾನ್ಯವಾಗಿ ಅದು ಬಾನೆಟ್‌ನ ನಡುಭಾಗಕ್ಕೆ ಬರುತ್ತದೆ. ಸೀಟು ಏರಿಸಿದರೆ, ಮನೆಯಲ್ಲಿ ಬೇರೆಯವರು ಓಡಿಸಿದರೆ ಗುರುತು ಸುಳ್ಳಾಗುತ್ತದೆ. ಮುಂದಕ್ಕೆ ಹೋಗಿ ನಿಲ್ಲಿಸಲು ಚೆನ್ನ. ಓರೆಯಾಗಿ ರಿವರ್ಸ್ ಬರುವಾಗ ಕೆಲಸಕ್ಕೆ ಬಾರದು.

ಗೆದ್ದದ್ದು ಕೆಳಗೆ ಬಾಗಿಸಿದ ಎಡಗನ್ನಡಿ. ಹಿಂದಿನ ಚಕ್ರ ನೆಲ ಮುಟ್ಟುವ ಜಾಗ ಕನ್ನಡಿಯ ನಡುವೆ ಬರುವಷ್ಟು ಬಾಗಿಸಿ. ಉಬ್ಬುಗನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ದೂರವಾಗಿ ಕಾಣುವುದರಿಂದ ಅಂದಾಜು ತಪ್ಪುತ್ತದೆ. ಅದಕ್ಕೆ ಟೈರನ್ನೇ ಅಳತೆಗೋಲು ಮಾಡಿಕೊಳ್ಳಿ: ಪಕ್ಕೆಯ ಮೇಲೆ 185 (ಮಿ.ಮೀ. ಲೆಕ್ಕದ ಅಗಲ) ಎಂದು ಬರೆದ ಟೈರಿನ ಅಗಲ ಹದಿನೆಂಟೂವರೆ ಸೆಂ.ಮೀ. ಚಕ್ರದ ಪಕ್ಕ ಇನ್ನೊಂದು ಟೈರು ಹಿಡಿಸುವಷ್ಟು ಜಾಗ ಕಂಡರೆ ಹೆಚ್ಚುಕಡಿಮೆ ಗೇಣು.

ಬಹಳ ಮಂದಿ ತಪ್ಪುವುದು ಸ್ಟೀರಿಂಗ್ ತಿರುಗಿಸುವ ಹೊತ್ತಿನಲ್ಲಿ. ಚಕ್ರ ಗೇಣಿನಷ್ಟು ಹತ್ತಿರ ಬರುವ ತನಕ ಕಾದು ಆಮೇಲೆ ಬಲಕ್ಕೆ ತಿರುಗಿಸುತ್ತಾರೆ. ಕಾರು ನೇರವಾಗುವ ತನಕ ಹಿಂಚಕ್ರ ಕಲ್ಲಿನ ಕಡೆಗೇ ಸರಿಯುತ್ತಿರುತ್ತದೆ. ಓರೆ ಸುಮಾರು 30 ಡಿಗ್ರಿ ಇದ್ದರೆ ಹೀಗೆ ಸರಿಯುವ ದೂರವೇ ಅರ್ಧ ಮೀಟರಿಗೂ ಹೆಚ್ಚು. ಆದ್ದರಿಂದ ಮುಕ್ಕಾಲು ಮೀಟರ್ ಉಳಿದಿರುವಾಗಲೇ ಕಾರು ನಿಲ್ಲಿಸಿ, ಸ್ಟೀರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ, ನಿಧಾನ ಹಿಂದೆ ಬನ್ನಿ. ಓರೆ ಹೆಚ್ಚಿದ್ದರೆ ಇನ್ನೂ ಬೇಗ.

ರಾತ್ರಿ ಈ ಕನ್ನಡಿಯೂ ಸೋಲುತ್ತದೆ. ಎಡ ಇಂಡಿಕೇಟರ್ ಹೊತ್ತಿದಾಗಲೆಲ್ಲ ಕಲ್ಲಿನ ಅಂಚು ಒಂದು ಕ್ಷಣ ಹಳದಿಯಾಗಿ ಕಾಣುತ್ತದೆ, ಅಷ್ಟೇ ಆಸರೆ. ಹೊರಡುವ ಮುನ್ನ ಕನ್ನಡಿಯನ್ನು ಮತ್ತೆ ಮೇಲೆತ್ತಿ. ನೆಲ ನೋಡುವ ಕನ್ನಡಿಯಲ್ಲಿ ಎಡದಿಂದ ನುಗ್ಗುವ ಸ್ಕೂಟರ್ ಕಾಣುವುದಿಲ್ಲ.