ಮುಟ್ಟು ನಿಂತ ಮೇಲಿನ ಉರಿಮೂತ್ರಕ್ಕೆ ಎಸ್ಟ್ರಿಯಾಲ್ ಕ್ರೀಮ್: ನಿಧಾನ, ಸ್ವಲ್ಪ ಕಿರಿಕಿರಿ, ಆದರೆ ಕೆಲಸ ಮಾಡುತ್ತದೆ

ಮೊದಲೇ ಹೇಳಿಬಿಡುತ್ತೇನೆ, ಈ ಕ್ರೀಮ್ ಹಚ್ಚಿದ ಮರುದಿನ ಏನೂ ಗೊತ್ತಾಗುವುದಿಲ್ಲ. ಮರುವಾರವೂ ಅಷ್ಟೇ. ತಕ್ಷಣ ಗುಣ ಕಾಣಬೇಕು ಅಂತ ತಂದವರ ಟ್ಯೂಬು ಅರ್ಧಕ್ಕೇ ಬೀರುವಿನ ಮೂಲೆ ಸೇರುತ್ತದೆ. ಆದರೆ ಮುಟ್ಟು ನಿಂತ ಮೇಲೆ ಪದೇ ಪದೇ ಉರಿಮೂತ್ರ ಬಂದು, ಪ್ರತಿ ಸಲ ಆಂಟಿಬಯೋಟಿಕ್ ನುಂಗಿ, ಬಾಯಿ ಕಹಿಯಾಗಿ, ಹೊಟ್ಟೆ ಕೆಟ್ಟು, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ ಅನ್ನುವವರಿಗೆ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ. ನಾನು ಬಳಸುತ್ತಿರುವುದು ಎಸ್ಟ್ರಿಯಾಲ್ ಕ್ರೀಮ್. ಎಸ್ಟ್ರಿಯಾಲ್ ಅಂದರೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನಿನದೇ ಒಂದು ಬಗೆ, ಕ್ರೀಮನ್ನು ಯೋನಿಯೊಳಗೆ ಹಚ್ಚಬೇಕು. ಒಂದು ಗ್ರಾಂ ಕ್ರೀಮಿನಲ್ಲಿ 1 ಮಿಲಿಗ್ರಾಂ ಔಷಧಿ, 15 ಗ್ರಾಂ ಟ್ಯೂಬು. ಕಂಪನಿ ಹೆಸರು ಬೇಡ. ಡಾಕ್ಟರ್ ಚೀಟಿ ಇಲ್ಲದೆ ತರುವಂಥದ್ದಲ್ಲ ಇದು, ಅವರು ಯಾವುದು ಬರೆದುಕೊಡುತ್ತಾರೋ ಅದನ್ನೇ ತನ್ನಿ.

ನನ್ನ ಕಥೆ ಹೊಸದೇನಲ್ಲ. ಶುಗರ್ ಇಲ್ಲ, ಕಿಡ್ನಿಯಲ್ಲಿ ಕಲ್ಲಿಲ್ಲ, ಸ್ಕ್ಯಾನಿಂಗ್ ಎಲ್ಲ ಸರಿಯಾಗಿತ್ತು. ಆದರೂ ಮುಟ್ಟು ನಿಂತು ಕೆಲವು ವರ್ಷಕ್ಕೆ ಶುರುವಾದ ಉರಿಮೂತ್ರ ಬಿಡಲೇ ಇಲ್ಲ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಉಷ್ಣ ಆಗಿದೆ. ಬಾರ್ಲಿ ನೀರು, ಎಳನೀರು, ಧನಿಯಾ ನೆನೆಸಿದ ನೀರು, ಕಾಮಕಸ್ತೂರಿ ಬೀಜ, ಪಕ್ಕದ ಮನೆಯವರು ಹೇಳಿದ ಬೂದುಗುಂಬಳದ ರಸ, ಎಲ್ಲಾ ಆಯ್ತು. ಕುಡಿದಷ್ಟು ದಿನ ಹಾಯ್ ಅನ್ನಿಸುತ್ತಿತ್ತು. ನೀರು ಜಾಸ್ತಿ ಹೋದರೆ ಉರಿ ಕಡಿಮೆ ಆಗೋದು ಸಹಜ ಅಲ್ವಾ. ಮದುವೆ ಮನೆಗೆ ಹೋದರೆ ಮೊದಲು ಬಾತ್‌ರೂಮ್ ಯಾವ ಕಡೆ ಅಂತ ನೋಡೋದು, ಬಸ್ಸಿನಲ್ಲಿ ದೂರ ಹೋಗಬೇಕಾದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡೋದು, ನೀರು ಬಿಟ್ಟಿದ್ದಕ್ಕೆ ಮತ್ತೆ ಉರಿ. ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಬರುತ್ತಿದ್ದದ್ದು ಸಾಮಾನ್ಯವಾಗಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ. ಅದರ ಕೆಳಗಿನ ಔಷಧಿಗಳ ಪಟ್ಟಿಯಲ್ಲಿ 'ರೆಸಿಸ್ಟೆಂಟ್', ಅಂದರೆ ಈ ಔಷಧಿಗೆ ಬಗ್ಗುವುದಿಲ್ಲ, ಅನ್ನುವ ಸಾಲುಗಳು ಒಂದೊಂದು ರಿಪೋರ್ಟಿಗೂ ಜಾಸ್ತಿ ಆಗುತ್ತಾ ಹೋದವು. ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಉರಿಯಲ್ಲ, ಆ ಪಟ್ಟಿ.

ಇಷ್ಟೆಲ್ಲ ಆದ ಮೇಲೆ ಒಬ್ಬ ಲೇಡಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಬೇರೆ. "ಮುಟ್ಟು ನಿಂತು ಎಷ್ಟು ವರ್ಷ ಆಯ್ತು? ಕೆಳಗೆ ಒಣಗಿದ ಹಾಗೆ ಅನ್ನಿಸುತ್ತಾ?" ಅದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಆರು ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಅಂತ ಲೆಕ್ಕ ಹಾಕುತ್ತಾರಂತೆ. ಆಗ ಬರೀ ಮಾತ್ರೆ ಕೊಟ್ಟು ಕಳಿಸಿದರೆ ಆಗಲಿಲ್ಲ, ಯಾಕೆ ಬರ್ತಾ ಇದೆ ಅಂತ ನೋಡಬೇಕು.

ಅವರು ವಿವರಿಸಿದ್ದು ನನಗೆ ತಲೆಗೆ ಹೋಗಿದ್ದು ಹೀಗೆ. ಮುಟ್ಟು ನಡೆಯುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇರುವುದರಿಂದ ಯೋನಿಯ ಒಳಪದರ ದಪ್ಪಗೆ, ಮೆತ್ತಗೆ ಇರುತ್ತದೆ. ಅದರಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆ ಅಂಶ ಇರುತ್ತದೆ. ಅದನ್ನು ತಿಂದು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮೊಸರಿನಲ್ಲಿ ಇರ್ತಾವಲ್ಲ, ಅವುಗಳ ನೆಂಟರೇ. ಇವು ಲ್ಯಾಕ್ಟಿಕ್ ಆಮ್ಲ ಮಾಡಿ ಜಾಗವನ್ನು ಹುಳಿಯಾಗಿ ಇಡುತ್ತವೆ, ಪಿಎಚ್ 4.5ಕ್ಕಿಂತ ಕೆಳಗೆ. ಆ ಹುಳಿಯಲ್ಲಿ ಇ. ಕೋಲಿಗೆ ತಳ ಊರುವುದು ಕಷ್ಟ. ಈಸ್ಟ್ರೋಜನ್ ಇಳಿದ ಮೇಲೆ ಪದರ ತೆಳ್ಳಗಾಗುತ್ತದೆ, ಗ್ಲೈಕೋಜನ್ ಕಡಿಮೆ, ಲ್ಯಾಕ್ಟೋಬ್ಯಾಸಿಲಸ್ ಕಡಿಮೆ, ಹುಳಿ ಕಡಿಮೆ. ಮಲದ ದಾರಿಯಿಂದ ಬರುವ ಇ. ಕೋಲಿ ಅಲ್ಲೇ ಬೀಡುಬಿಟ್ಟು, ಪಕ್ಕದಲ್ಲೇ ಇರುವ ಮೂತ್ರನಾಳ ಹತ್ತಿ ಮೇಲೆ ಹೋಗುತ್ತದೆ. ಮಾತ್ರೆ ನುಂಗಿದರೆ ಮೇಲೆ ಹೋದದ್ದು ಸಾಯುತ್ತದೆ. ಕೆಳಗಿನ ಜಾಗ ಹಾಗೇ ಇರುತ್ತಲ್ಲ, ಮತ್ತೆ ಬರುತ್ತದೆ. (ಮೊಸರಿನ ಹೆಸರು ಹೇಳಿದೆ ಅಂತ ದಯವಿಟ್ಟು ಮೊಸರು ಹಚ್ಚಲು ಹೋಗಬೇಡಿ. ಅದು ಬೇರೆ ಜಾತಿ, ಇದು ಬೇರೆ ಜಾತಿ.)

ಇದು ಹೊಸ ಸಂಶೋಧನೆಯೂ ಅಲ್ಲ ಅನ್ನುವುದು ನನಗೆ ಸಿಟ್ಟು ಬರಿಸುವ ವಿಷಯ. 1993ರಲ್ಲೇ ರಾಝ್ ಮತ್ತು ಸ್ಟ್ಯಾಮ್ ಅನ್ನುವ ಇಬ್ಬರು ಡಾಕ್ಟರು ಇದೇ ಎಸ್ಟ್ರಿಯಾಲ್ ಕ್ರೀಮನ್ನು ಮುಟ್ಟು ನಿಂತ 93 ಹೆಂಗಸರಲ್ಲಿ ಪರೀಕ್ಷೆ ಮಾಡಿದ್ದರು. ಅರ್ಧದಷ್ಟು ಜನಕ್ಕೆ ನಿಜವಾದ ಕ್ರೀಮ್, ಉಳಿದವರಿಗೆ ಔಷಧಿ ಇಲ್ಲದ ಸುಮ್ನೆ ಕ್ರೀಮ್. ಸುಮ್ನೆ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು ಬಂದರೆ, ಎಸ್ಟ್ರಿಯಾಲ್ ಹಚ್ಚಿದವರಿಗೆ 0.5. ಒಂದು ತಿಂಗಳಲ್ಲಿ ಔಷಧಿ ಹಚ್ಚಿದವರಲ್ಲಿ ನೂರಕ್ಕೆ 61 ಜನರಿಗೆ ಲ್ಯಾಕ್ಟೋಬ್ಯಾಸಿಲಸ್ ವಾಪಸ್ ಬಂದಿತ್ತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಎಲ್ಲರಿಗೂ ಇಷ್ಟು ಚೆನ್ನಾಗಿ ಆಗುತ್ತೆ ಅಂತಲ್ಲ, ನನಗೂ ಪೂರ್ತಿ ಸೊನ್ನೆ ಆಗಿಲ್ಲ. ಆದರೂ ಮೂವತ್ತು ವರ್ಷದ ಹಿಂದೆ ಗೊತ್ತಿದ್ದ ವಿಷಯ ನಮ್ಮ ಕಿವಿಗೆ ಬೀಳಲು ಇಷ್ಟು ದಿನ ಬೇಕಾ? ಅಮೆರಿಕದ ಮೂತ್ರರೋಗ ತಜ್ಞರ ಸಂಘ 2019ರಲ್ಲಿ ತನ್ನ ಮಾರ್ಗಸೂಚಿಯಲ್ಲೇ ಇದನ್ನು ಸೇರಿಸಿದೆ.

ಇನ್ನು ಬಳಸುವ ವಿಷಯ. ನನಗೆ ಹೇಳಿದ್ದು ಮೊದಲ ಎರಡು ವಾರ ದಿನಾ ರಾತ್ರಿ ಅರ್ಧ ಗ್ರಾಂ, ಆಮೇಲೆ ವಾರಕ್ಕೆ ಎರಡು ರಾತ್ರಿ. ಲೆಕ್ಕ ಹಾಕಿದರೆ ಮೊದಲ ಎರಡು ವಾರಕ್ಕೆ 7 ಗ್ರಾಂ ಖಾಲಿ, ಉಳಿದ 8 ಗ್ರಾಂ ವಾರಕ್ಕೆ ಒಂದರಂತೆ 8 ವಾರ. ಆಮೇಲಿನ ಟ್ಯೂಬು ಮೂರೂವರೆ ತಿಂಗಳು ಬರುತ್ತದೆ. ಪದೇ ಪದೇ ಕಲ್ಚರ್ ಮಾಡಿಸಿ, ಡಾಕ್ಟರ್ ಫೀಸ್ ಕೊಟ್ಟು, ಆಂಟಿಬಯೋಟಿಕ್ ತರುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಅಪ್ಲಿಕೇಟರ್ ಮಾತ್ರ ನನಗೆ ಹಿಡಿಸಲಿಲ್ಲ. ಪ್ಲಾಸ್ಟಿಕ್ ಕೊಳವೆ, ಅದನ್ನು ಟ್ಯೂಬಿನ ಬಾಯಿಗೆ ತಿರುಗಿಸಿ ಕೂರಿಸಬೇಕು, ಟ್ಯೂಬು ಒತ್ತಿದಾಗ ಒಳಗಿನ ದಂಟು ಮೇಲೆ ಬಂದು ಗೆರೆ ಮುಟ್ಟಬೇಕು. ಗೆರೆಗೆ ಬಣ್ಣ ಇಲ್ಲ. ಪ್ಲಾಸ್ಟಿಕ್ಕಿನಲ್ಲೇ ಸಣ್ಣಗೆ ಉಬ್ಬಿರುತ್ತದೆ. ಚಾಳೀಸು ಬಂದವರಿಗೆ ಅಂತಲೇ ಮಾಡಿದ ಔಷಧಿಯಲ್ಲಿ ಚಾಳೀಸು ಬಂದವರಿಗೆ ಕಾಣದ ಗೆರೆ! ನಾನು ಮಗಳ ನೇಲ್ ಪಾಲಿಷ್‌ನಿಂದ ಹೊರಗಡೆ ಒಂದು ಗುರುತು ಹಾಕಿಕೊಂಡೆ. ಬಳಸಿದ ಮೇಲೆ ದಂಟನ್ನು ಪೂರ್ತಿ ಎಳೆದು ತೆಗೆದು ಉಗುರುಬೆಚ್ಚನೆ ಸೋಪು ನೀರಿನಲ್ಲಿ ತೊಳೆಯಬೇಕು. ಕುದಿಯುವ ನೀರು ಹಾಕಿದರೆ ಸೊಟ್ಟಗಾಗುತ್ತದೆ. ಮಲಗುವ ಮುಂಚೆಯೇ ಹಾಕಿ, ಹಗಲು ಹಾಕಿಕೊಂಡು ಓಡಾಡಿದರೆ ಅರ್ಧ ಹೊರಗೇ ಬರುತ್ತದೆ. ರಾತ್ರಿ ಹಾಕಿದರೂ ಬೆಳಿಗ್ಗೆ ಸ್ವಲ್ಪ ಬೆಳ್ಳಗೆ ಇಳಿಯುತ್ತೆ, ಅದಕ್ಕೆ ಗಾಬರಿ ಬೇಡ. ಕೊಳವೆ ಒಳಗೆ ಹಾಕಿದರೆ ನೋಯುತ್ತೆ ಅನ್ನುವವರು ಬೆರಳ ತುದಿಯಲ್ಲಿ ಹಚ್ಚಬಹುದಾ ಅಂತ ಡಾಕ್ಟರನ್ನು ಕೇಳಿ. ಮೂತ್ರದ್ವಾರದ ಸುತ್ತಲೂ ಯೋನಿಯ ಬಾಗಿಲ ಹತ್ತಿರವೂ ಹಚ್ಚಲು ನನ್ನ ಡಾಕ್ಟರೇ ಹೇಳಿದರು.

ಮೊದಲ ಕೆಲವು ದಿನ ಉರಿಯಿತು. ಒಣಗಿದ ಜಾಗಕ್ಕೆ ಏನು ಹಚ್ಚಿದರೂ ಮೊದಲು ಉರಿಯುತ್ತದಂತೆ, ಬರಬರುತ್ತಾ ಹೋಯಿತು. ಎದೆ ಸ್ವಲ್ಪ ಭಾರ ಅನ್ನಿಸಿತು, ಅದೂ ಹೋಯಿತು. ಒಣಗಿದ ಉರಿ, ತುರಿಕೆ ಮೊದಲು ಕಡಿಮೆ ಆದವು. ಸೋಂಕು ಕಡಿಮೆ ಆಗಿದೆ ಅಂತ ನಂಬಿಕೆ ಬರಲು ಎರಡು ಮೂರು ತಿಂಗಳಾದರೂ ಬೇಕು. ಇನ್ನೊಂದು ಮಾತು, ಈಗಾಗಲೇ ಸೋಂಕು ಬಂದು ಉರಿಯುತ್ತಿದ್ದರೆ ಈ ಕ್ರೀಮ್ ಅದನ್ನು ವಾಸಿ ಮಾಡುವುದಿಲ್ಲ. ಅದಕ್ಕೆ ಕಲ್ಚರ್, ಆಂಟಿಬಯೋಟಿಕ್ ಬೇಕೇ ಬೇಕು. ಜ್ವರ, ಚಳಿ, ಸೊಂಟದ ಪಕ್ಕ ನೋವು, ಮೂತ್ರದಲ್ಲಿ ರಕ್ತ ಇದ್ದರೆ ಬಾರ್ಲಿ ನೀರು ಕಾಯಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಈಗ ಆ ಡಬ್ಬಿಯೊಳಗಿನ ಚೀಟಿ. ಬಿಡಿಸಿ ಓದಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಏನೇನೋ ಇದೆ. ನಮ್ಮ ಯಜಮಾನರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಇದಕ್ಕಿಂತ ಉರಿಮೂತ್ರನೇ ವಾಸಿ" ಅಂದುಬಿಟ್ಟರು. ಚೀಟಿ ಎತ್ತಿಕೊಂಡೇ ಡಾಕ್ಟರ್ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದರು. ಈ ಹೆದರಿಕೆ ಜಾಸ್ತಿ ಆದದ್ದು ಅಮೆರಿಕದ ವುಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅನ್ನುವ ದೊಡ್ಡ ಅಧ್ಯಯನದಿಂದ, 2002ರಲ್ಲಿ. ಅದರಲ್ಲಿ ಪರೀಕ್ಷೆ ಮಾಡಿದ್ದು ಬಾಯಿಂದ ನುಂಗುವ ಹಾರ್ಮೋನ್ ಮಾತ್ರೆಗಳನ್ನು. ಅಲ್ಲಿನ ಎಚ್ಚರಿಕೆಯನ್ನೇ ಕಡಿಮೆ ಪ್ರಮಾಣದ ಯೋನಿ ಕ್ರೀಮುಗಳ ಮೇಲೂ ಅಂಟಿಸಿದರು. ಕ್ರೀಮಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದೇ ಅಧ್ಯಯನದ ಹೆಂಗಸರಲ್ಲಿ ಯೋನಿಗೆ ಮಾತ್ರ ಈಸ್ಟ್ರೋಜನ್ ಬಳಸಿದವರನ್ನು ನೋಡಿದ 2018ರ ವರದಿಯಲ್ಲಿ ಕ್ಯಾನ್ಸರ್, ಹೃದ್ರೋಗದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. 2025ರ ನವೆಂಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಔಷಧಿಯ ಚೀಟಿಯಲ್ಲಿ ಕಪ್ಪು ಚೌಕದೊಳಗೆ ಹಾಕಿಸುತ್ತಿದ್ದ ಆ ಎಚ್ಚರಿಕೆಯನ್ನು ತೆಗೆಸುವುದಾಗಿ ಹೇಳಿದೆ. ತಮಾಷೆ ಅಂದರೆ, ನುಂಗುವ ಈಸ್ಟ್ರೋಜನ್ ಮಾತ್ರೆಯಿಂದ ಉರಿಮೂತ್ರ ಕಡಿಮೆ ಆಗುವುದಿಲ್ಲ. ಹಚ್ಚುವ ಕ್ರೀಮಿಗೇ ಆ ಗುಣ.

ಹಾಗಂತ ಎಲ್ಲರೂ ಹಚ್ಚಿಕೊಳ್ಳಿ ಅಂತ ಹೇಳುತ್ತಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಅದರಲ್ಲೂ ಈಸ್ಟ್ರೋಜನ್ ತಗ್ಗಿಸುವ ಲೆಟ್ರೊಜೋಲ್ ತರಹದ ಮಾತ್ರೆ ತೆಗೆದುಕೊಳ್ಳುತ್ತಿರುವವರು ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೆ ಮೊದಲು ಅದು ಯಾಕೆ ಅಂತ ಗೊತ್ತಾಗಬೇಕು, ಕ್ರೀಮ್ ಆಮೇಲೆ. ನಮ್ಮ ಕಡೆ ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ಮನೆಗೊಬ್ಬರು ಸಿಗುತ್ತಾರೆ. ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ಈ ಒಣಗುವುದು, ಉರಿಯುವುದು ಇನ್ನೂ ಬೇಗ ಶುರುವಾಗುತ್ತದೆ. "ಅದನ್ನೇ ತೆಗೆಸಿದ್ದೀನಲ್ಲ, ಇನ್ನೇನು" ಅಂತ ಸುಮ್ಮನಿರುವವರು ಅವರೇ ಜಾಸ್ತಿ.

ನನ್ನ ಓರಗಿತ್ತಿ ಇದನ್ನೇ ಬಳಸಿ, ಚೆನ್ನಾಗಿ ಆಯ್ತಲ್ಲ ಅಂತ ನಿಲ್ಲಿಸಿದರು. ಕೆಲವು ತಿಂಗಳಿಗೆ ಉರಿಮೂತ್ರ ಮತ್ತೆ ಹಾಜರ್. ಇದು ಕೋರ್ಸ್ ಮುಗಿಸಿ ಬಿಡುವ ಔಷಧಿ ಅಲ್ಲ. ಈಸ್ಟ್ರೋಜನ್ ವಾಪಸ್ ಬರುವುದಿಲ್ಲ, ಆದ್ದರಿಂದ ವಾರಕ್ಕೆ ಎರಡು ರಾತ್ರಿ ನಡೆಯುತ್ತಲೇ ಇರಬೇಕು. ನಾನು ಸೋಮವಾರ, ಗುರುವಾರ ಅಂತ ಇಟ್ಟುಕೊಂಡಿದ್ದೇನೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕಿ.

ಬೇರೆ ಏನೇನು ಸಿಗುತ್ತೆ ಅಂತ ಕೇಳುವವರಿಗೆ: ಕಾಂಜುಗೇಟೆಡ್ ಈಸ್ಟ್ರೋಜನ್ ಕ್ರೀಮೂ ಇದೆ, ಗಬ್ಬದ ಕುದುರೆಯ ಮೂತ್ರದಿಂದ ತೆಗೆಯುವುದು. ಮಡಿ ಮೈಲಿಗೆ ನೋಡುವವರು, ಸಸ್ಯಾಹಾರಿಗಳು ಬರೆಸಿಕೊಳ್ಳುವ ಮುಂಚೆ ಕೇಳಿ ತಿಳಿದುಕೊಳ್ಳಿ. ಯೋನಿಯೊಳಗೆ ಇಡುವ 10 ಮೈಕ್ರೋಗ್ರಾಂ ಎಸ್ಟ್ರಡಯಾಲ್ (ಇದೂ ಒಂದು ಬಗೆಯ ಈಸ್ಟ್ರೋಜನ್ನೇ) ಮಾತ್ರೆಯೂ ಇದೆ, ಕೈ ಅಂಟಾಗುವುದಿಲ್ಲ. ಇಂಗ್ಲೆಂಡಿನಲ್ಲಿ 2022ರಿಂದ ಅಂಥ ಮಾತ್ರೆಯನ್ನು 50 ದಾಟಿದವರಿಗೆ ಒಣಗುವ ತೊಂದರೆಗೆ ಚೀಟಿ ಇಲ್ಲದೆ ಫಾರ್ಮಸಿಯಲ್ಲೇ ಕೇಳಿ ವಿಚಾರಿಸಿ ಕೊಡುತ್ತಾರೆ. ಟಿವಿಯಲ್ಲಿ ತೋರಿಸುವ 'ಇಂಟಿಮೇಟ್ ವಾಶ್'ಗಳಿಗೆ ದುಡ್ಡು ಹಾಕಬೇಡಿ. ಲೇಸರ್ ಮಾಡಿಸಿ ಎಲ್ಲಾ ಸರಿಹೋಗುತ್ತೆ ಅನ್ನುವ ಜಾಹೀರಾತು ನೋಡಿದರೆ, ಅದರ ಬಗ್ಗೆ ಎಫ್‌ಡಿಎ 2018ರಲ್ಲೇ ಎಚ್ಚರಿಕೆ ಕೊಟ್ಟಿದೆ ಅನ್ನುವುದು ನೆನಪಿರಲಿ.

ಅಂಗಡಿಯ ಮುಜುಗರ ಒಂದು ಉಳಿಯಿತು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ಡಬ್ಬಿ ತಂದು, ದನಿ ತಗ್ಗಿಸಿ, "ಆಂಟಿ, ಇದು ಮುಖಕ್ಕೆ ಹಚ್ಚೋದಲ್ಲ" ಅಂದ. ಗೊತ್ತಪ್ಪ ಅಂದೆ. ಪೇಪರಿನಲ್ಲಿ ಸುತ್ತಿ, ಮೇಲೊಂದು ಕಪ್ಪು ಕವರು ಹಾಕಿ ಕೊಟ್ಟ. ಎಲ್ಲ ಅಂಗಡಿಯಲ್ಲೂ ಇದು ಇಟ್ಟಿರುವುದಿಲ್ಲ, ಸಣ್ಣ ಊರಿನಲ್ಲಂತೂ ಹೇಳಿ ತರಿಸಬೇಕು. ಹಾಗಾಗಿ ಟ್ಯೂಬು ಖಾಲಿಯಾಗುವ ಎರಡು ವಾರ ಮುಂಚೆಯೇ ಹೇಳಿಡಿ. ಡಾಕ್ಟರ್ ಹತ್ತಿರ ಹೋದಾಗ ಚೀಟಿಯಲ್ಲಿ ಎಷ್ಟು ತಿಂಗಳಿಗೆ ಅಂತಲೂ ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ಹಳೇ ಚೀಟಿ ಅಂತ ವಾಪಸ್ ಕಳಿಸುತ್ತಾರೆ.