45–50 ಎಚ್‌ಪಿ ಟ್ರ್ಯಾಕ್ಟರ್: ಯಾವ ಹೊಲಕ್ಕೆ ಯಾವುದು?

ಷೋರೂಮುಗಳಲ್ಲಿ ಈಗ 49, 50 ಎಚ್‌ಪಿ ಗಾಡಿಗಳೇ ಸಾಲಾಗಿ ನಿಂತಿರುವುದಕ್ಕೆ ಕಾರಣವಿದೆ. 2023ರ ಜನವರಿಯಿಂದ 50 ಎಚ್‌ಪಿ ಮೇಲ್ಪಟ್ಟ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು. ಅದರ ಜೊತೆ ಸೆನ್ಸರ್, ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಸಿಆರ್‌ಡಿಐ ಎಂಜಿನ್ನೂ ಬಂತು, ಬೆಲೆಯೂ ಏರಿತು. ಸೆನ್ಸರ್ ಕೈಕೊಟ್ಟರೆ ಊರಿನ ಮೆಕ್ಯಾನಿಕ್ ಏನೂ ಮಾಡಲಾರ, ಕಂಪನಿಯವರೇ ಲ್ಯಾಪ್‌ಟಾಪ್ ಹಿಡಿದು ಬರಬೇಕು. ಸ್ವಂತ ಹದಿನೈದಿಪ್ಪತ್ತು ಎಕರೆ ಮಾಡಿಕೊಂಡು ಸ್ವಲ್ಪ ಬಾಡಿಗೆಗೂ ಹೋಗುವವರಿಗೆ 50ರೊಳಗಿನ ಗಾಡಿಯೇ ಸರಿ.

ಬಾನೆಟ್ ಮೇಲಿನ ಎಚ್‌ಪಿ ನೋಡಿ ಮರುಳಾಗಬೇಡಿ. ಮಣ್ಣು ಪುಡಿಮಾಡುವ ರೋಟಾವೇಟರನ್ನು ತಿರುಗಿಸುವುದು ಪಿಟಿಒ ಎಚ್‌ಪಿ, ಅಂದರೆ ಹಿಂದಿನ ಉಪಕರಣ ತಿರುಗಿಸುವ ಶಾಫ್ಟಿಗೆ ಸಿಗುವ ಶಕ್ತಿ. 45 ಎಚ್‌ಪಿ ಎಂಜಿನ್ನಿನಿಂದ ಪಿಟಿಒಗೆ ಸಿಗುವುದು ಸುಮಾರು 38ರಿಂದ 40. ಎರೆ ಹೊಲದಲ್ಲಿ ಆರಡಿ ರೋಟಾವೇಟರ್‌ಗೆ ಅದು ಅಂಚಿನ ಲೆಕ್ಕ. ಮಣ್ಣು ಹಸಿಯಿದ್ದರೆ ಎಂಜಿನ್ ಒತ್ತಿ ಬಂದು ಕರಿ ಹೊಗೆ ಉಗುಳುತ್ತದೆ, ಡ್ರೈವರ್ ರೋಟಾವೇಟರ್ ಮೇಲೆತ್ತುತ್ತಾನೆ, ಹೊಲ ಮೇಲಷ್ಟೇ ಕೆದರಿದಂತಾಗುತ್ತದೆ. 42 ಎಚ್‌ಪಿಯ ಗಾಡಿಗೆ ಐದಡಿಯದೇ ಹಾಕಿ.

ಈ ವರ್ಗದಲ್ಲಿ ಎಂಜಿನ್ನುಗಳ ಗುಣ ಒಂದೊಂದು ಬಗೆ. ಸ್ವರಾಜ್ 744 ಎಫ್‌ಇಗೆ ಮೂರೇ ಸಿಲಿಂಡರ್, ಆದರೆ 3,100 ಸಿಸಿಗೂ ಹೆಚ್ಚು. 2,000 ಆರ್‌ಪಿಎಂನಲ್ಲಿ ಎಳೆಯುವ ಇದಕ್ಕೆ ಟ್ರೇಲರ್ ಮತ್ತು ನೇಗಿಲ ಕೆಲಸ ಸಲೀಸು. ಮಹೀಂದ್ರ 575 ಡಿಐ ನಾಲ್ಕು ಸಿಲಿಂಡರ್, 1,900 ಆರ್‌ಪಿಎಂ. ಕಬ್ಬು ಸಾಗಿಸುವವರಿಗೆ ಒಗ್ಗುತ್ತದೆ. ಸ್ವರಾಜ್ ಕೂಡ 2007ರಿಂದ ಮಹೀಂದ್ರ ಕೈಯಲ್ಲೇ ಇದೆ, ಎರಡಕ್ಕೂ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಕುಬೋಟಾ ಎಂಯು 4501 ಇವುಗಳಿಗಿಂತ ಬೇರೆ: 2,434 ಸಿಸಿ, 2,500 ಆರ್‌ಪಿಎಂ. ಸದ್ದು, ನಡುಕ ಕಡಿಮೆ, ಪಿಟಿಒ ಕೆಲಸಕ್ಕೆ ನಯ. ಆದರೆ ಭಾರದ ಎಳೆತವೇ ದಿನದ ಕೆಲಸವಾದರೆ ನಾವು ಅದನ್ನು ಆರಿಸುವುದಿಲ್ಲ. ಜಾನ್ ಡಿಯರ್ 5050 ಡಿಯಲ್ಲಿ 8 ಮುಂದಿನ, 4 ಹಿಂದಿನ ಗೇರ್. ರೋಟಾವೇಟರ್ ಹೆಚ್ಚು ಹೊಡೆಯುವವರಿಗೆ ನಮ್ಮ ಮೊದಲ ಆಯ್ಕೆ ಇದು.

ಕ್ಲಚ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಸಿಂಗಲ್ ಕ್ಲಚ್ ಗಾಡಿಯಲ್ಲಿ ಪೆಡಲ್ ಒತ್ತಿದರೆ ಚಕ್ರದ ಜೊತೆ ಪಿಟಿಒ ಕೂಡ ನಿಲ್ಲುತ್ತದೆ. ರೋಟಾವೇಟರ್ ಮಣ್ಣಲ್ಲೇ ನಿಂತು, ಮತ್ತೆ ಬಿಟ್ಟಾಗ ಪೂರ್ತಿ ಭಾರ ಕ್ಲಚ್ ಪ್ಲೇಟ್ ಮೇಲೆ ಬೀಳುತ್ತದೆ. ಡ್ಯುಯಲ್ ಕ್ಲಚ್‌ನಲ್ಲಿ ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತದೆ. ಒಂದೇ ಮಾದರಿ ಎರಡೂ ಕ್ಲಚ್‌ನಲ್ಲಿ ಬರುವುದುಂಟು, ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳಿ. ಗಂಗಾವತಿ, ಸಿಂಧನೂರಿನ ಕಡೆ ಗದ್ದೆ ಕೆಸರಿಗಿಳಿಸುವವರು ಎಣ್ಣೆಯಲ್ಲಿ ಮುಳುಗಿರುವ ಆಯಿಲ್ ಬ್ರೇಕನ್ನೇ ಕೇಳಿ. ಡ್ರೈ ಬ್ರೇಕಿಗೆ ಕೆಸರು ನೀರು ಹೊಕ್ಕರೆ ಲೈನರ್ ಬೇಗ ಸವೆಯುತ್ತದೆ.

ಲಿಫ್ಟಿಂಗ್ 1,600 ಕೆಜಿ ಅಂತ ಬರೆದಿದ್ದರೆ ಅದು ಉಪಕರಣ ಕಟ್ಟುವ ಕೆಳಗಿನ ಲಿಂಕ್ ತುದಿಯಲ್ಲೋ, ಅಲ್ಲಿಂದ 610 ಮಿಮೀ ಹಿಂದಕ್ಕೋ ಕೇಳಿ. ಎರಡನೆಯದರಲ್ಲಿ ಲೆಕ್ಕ ಚೆನ್ನಾಗಿಯೇ ಇಳಿಯುತ್ತದೆ. ಡೆಮೊ ದಿನ ನಿಮ್ಮದೇ ರೋಟಾವೇಟರ್ ಕಟ್ಟಿ ಮೇಲೆತ್ತಿ, ಎಂಜಿನ್ ಬಂದ್ ಮಾಡಿ, ಲಿಫ್ಟ್ ತೋಳಿನ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಐದು ನಿಮಿಷದಲ್ಲಿ ಬೆರಳಗಲ ಇಳಿದರೆ ಚಿಂತೆಯಿಲ್ಲ. ಕಣ್ಣೆದುರೇ ಕುಸಿದರೆ ಸೀಲು ಅಥವಾ ವಾಲ್ವ್ ಸೋರುತ್ತಿದೆ. ಡೀಸೆಲ್ ಪರೀಕ್ಷೆಗೆ ಟ್ಯಾಂಕ್ ಬಾಯಿವರೆಗೆ ತುಂಬಿಸಿ, ಭಾರದಲ್ಲಿ ಒಂದು ಗಂಟೆ ಹೊಡೆದು, ಮತ್ತೆ ಬಾಯಿವರೆಗೆ ತುಂಬಿಸಿ; ಎರಡನೇ ಸಲ ಹಿಡಿದ ಲೀಟರೇ ಗಂಟೆಯ ಖರ್ಚು. ಮಾತಿನ ಮೈಲೇಜ್ ನಂಬಬೇಡಿ. ಮಧ್ಯಪ್ರದೇಶದ ಬುದ್ನಿಯ ಸರ್ಕಾರಿ ಪರೀಕ್ಷಾ ಕೇಂದ್ರದ ವರದಿಯನ್ನೂ ಡೀಲರ್ ಬಳಿ ಕೇಳಿ, ಪಿಟಿಒ ಶಕ್ತಿ, ಎಳೆತ, ಲಿಫ್ಟ್ ಎಲ್ಲ ಅದರಲ್ಲಿರುತ್ತವೆ.

ಡೆಲಿವರಿಯಲ್ಲಿ ಚಾಸಿ ಪ್ಲೇಟಿನ ತಯಾರಿ ತಿಂಗಳು ಮತ್ತು ಟೈರ್ ಬದಿಯ ನಾಲ್ಕಂಕಿ ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್‌ಗೆ ಜಿಎಸ್‌ಟಿ 12ರಿಂದ ಶೇ 5ಕ್ಕೆ ಇಳಿದಿದೆ, ಕೊಟೇಶನ್ ಅದಕ್ಕೆ ತಕ್ಕಂತಿರಲಿ. ಸಾಮಾನ್ಯವಾಗಿ 50 ಗಂಟೆಗೆ ಬರುವ ಮೊದಲ ಸರ್ವೀಸ್ ತಪ್ಪಿಸಬೇಡಿ. ಹೊಸ ಭಾಗಗಳು ಉಜ್ಜಿ ಬಂದ ಲೋಹದ ಪುಡಿ ಆ ಎಣ್ಣೆಯಲ್ಲೇ ಇರುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ತಾಲ್ಲೂಕಿನ ಬಿಡಿಭಾಗದ ಅಂಗಡಿಗೆ ಹೋಗಿ ಆ ಮಾದರಿಯ ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್ ಕಿಟ್, ಡೀಸೆಲ್ ಫಿಲ್ಟರ್ ಕೇಳಿ. ಮೂರೂ ಕಪಾಟಿನಲ್ಲಿದ್ದರೆ ಮುಂದುವರಿಯಿರಿ. "ಹುಬ್ಬಳ್ಳಿಯಿಂದ ತರಿಸಿಕೊಡ್ತೀವಿ" ಅಂದರೆ ಬಿತ್ತನೆ ಹೊತ್ತಿಗೆ ಗಾಡಿ ಎಷ್ಟು ದಿನ ನಿಲ್ಲಬಹುದೆಂದು ಲೆಕ್ಕ ಹಾಕಿಯೇ ಕೈಯೆತ್ತಿ ದುಡ್ಡು ಕೊಡಿ.