ಇಂಗ್ಲೆಂಡಿನಲ್ಲಿ ‘ಬರೀ ಚಿಪ್ಸ್ ಸಾಕು’ ಅನ್ನೋ ಸಸ್ಯಾಹಾರಿಗಳೇ, ಮೊದಲು ಎಣ್ಣೆ ಯಾವುದು ಅಂತ ಕೇಳಿ

ಬೇಸಿಗೆ ಬಂತೆಂದರೆ ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಕಾಲ. ಬಂದವರನ್ನು ಒಂದು ದಿನ ಸಮುದ್ರದ ದಂಡೆಗೆ ಕರೆದುಕೊಂಡು ಹೋಗುವುದು, ಅಲ್ಲಿ ಫಿಶ್ ಅಂಡ್ ಚಿಪ್ಸ್ (ಹಿಟ್ಟಲ್ಲಿ ಅದ್ದಿ ಕರಿದ ಮೀನು, ಜೊತೆಗೆ ಫ್ರೆಂಚ್ ಫ್ರೈಸ್ ಥರ ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ) ಅಂಗಡಿಗೆ ನುಗ್ಗುವುದು ಇಲ್ಲಿರುವ ಎಲ್ಲ ಕನ್ನಡದವರ ಮನೆಯಲ್ಲೂ ನಡೆಯುವಂಥದ್ದೇ. ಮೀನು ತಿನ್ನುವವರು ಮೀನು ತಗೊಳ್ಳುತ್ತಾರೆ, ತಿನ್ನದವರಿಗೆ ಒಂದು ಪೊಟ್ಟಣ ಚಿಪ್ಸ್. ಆಲೂಗಡ್ಡೆ ತಾನೇ, ಅದರಲ್ಲೇನಿದೆ ಅನ್ನಿಸುತ್ತದೆ. ಆದರೆ ಇಂಗ್ಲೆಂಡಿನ ಉತ್ತರದ ಯಾರ್ಕ್‌ಷೈರ್ ಕಡೆಯ ಬಹಳಷ್ಟು ಅಂಗಡಿಗಳಲ್ಲಿ ಆ ಆಲೂಗಡ್ಡೆ ಕರಿಯುವುದು ದನದ ಕೊಬ್ಬಿನಲ್ಲಿ.

ಬೀಫ್ ಡ್ರಿಪ್ಪಿಂಗ್ ಅನ್ನುತ್ತಾರೆ. ದನದ ಕೊಬ್ಬು ಕರಗಿಸಿ, ಸೋಸಿ, ಗಟ್ಟಿ ಮಾಡಿದ್ದು. ತಣ್ಣಗಿರುವಾಗ ನೋಡಲು ಡಾಲ್ಡಾ ಥರ ಬೆಳ್ಳಗೆ ಇರುತ್ತದೆ. ಕಾದಮೇಲೆ ಬೇರೆ ಎಣ್ಣೆಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲಂಡನ್ ಮತ್ತು ದಕ್ಷಿಣದ ಕಡೆ ಹೆಚ್ಚಾಗಿ ಪಾಮ್ ಎಣ್ಣೆಯೋ ರೇಪ್‌ಸೀಡ್ ಎಣ್ಣೆಯೋ ಬಳಸುತ್ತಾರೆ. ಹಾಗಾಗಿ ಅಲ್ಲಿ ಇದ್ದು ಅಭ್ಯಾಸವಾದ ನಮ್ಮವರಿಗೆ ಉತ್ತರಕ್ಕೆ ಬಂದಾಗ ಸಂಶಯವೇ ಬರುವುದಿಲ್ಲ. ಇಲ್ಲಿನವರಿಗೆ ಡ್ರಿಪ್ಪಿಂಗ್ ಅಂದರೆ ಮುಚ್ಚಿಡುವ ವಿಷಯವೇ ಅಲ್ಲ, ಹೆಮ್ಮೆಯ ವಿಷಯ. ಅದರಲ್ಲಿ ಕರಿದರೆ ಗರಿಗರಿಯೂ ಹೆಚ್ಚು, ರುಚಿಯೂ ಹೆಚ್ಚು ಅನ್ನುತ್ತಾರೆ. ತಿನ್ನುವವರು ಖುಷಿಯಾಗಿ ತಿನ್ನಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಕೇಳಿದವರಿಗೂ ಸುಳ್ಳು ಹೇಳುವ ಅಂಗಡಿಗಳ ಬಗ್ಗೆ.

ನಮಗಾಗಿದ್ದು ಹೀಗೆ. ನಾನು ಕುಂದಾಪುರದವನು, ಮೀನಿಲ್ಲದೆ ಊಟ ಇಳಿಯದ ಜಾತಿ. ಹೆಂಡತಿಯ ಮನೆ ಸಾಗರದ ಕಡೆ, ಅತ್ತೆ ಈರುಳ್ಳಿಯನ್ನೂ ಏಕಾದಶಿ ನೋಡಿಕೊಂಡು ತಿನ್ನುವವರು. ಅವರು ಬಂದಾಗ ಯಾರ್ಕ್‌ಷೈರ್ ಕರಾವಳಿಯ ವಿಟ್‌ಬಿಗೆ ಹೋಗಿದ್ದೆವು. ಗುಡ್ಡದ ಮೇಲಿನ ಪಾಳುಬಿದ್ದ ಕ್ರೈಸ್ತ ಮಠಕ್ಕೆ 199 ಮೆಟ್ಟಿಲು ಹತ್ತಿ ಇಳಿದು ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಬಂದರಿನ ಹತ್ತಿರ ಕೂತು ತಿನ್ನುವ ವ್ಯವಸ್ಥೆ ಇರುವ ಒಂದು ದೊಡ್ಡ ಅಂಗಡಿ, ಹೊರಗೆ ಉದ್ದ ಸಾಲು. ನಮ್ಮ ಸರದಿ ಬಂದಾಗ ಕೌಂಟರಿನ ಹುಡುಗನಿಗೆ ಅತ್ತೆಯನ್ನು ತೋರಿಸಿ ಬಿಡಿಸಿ ಕೇಳಿದೆ: ಇವರು ಸಸ್ಯಾಹಾರಿ, ಮೀನು ಮಾಂಸ ಯಾವುದೂ ಆಗುವುದಿಲ್ಲ, ಚಿಪ್ಸ್ ಇವರಿಗೆ ಆಗುತ್ತದಾ? ಅವನು ತಲೆ ಎತ್ತದೆ, ‘ಹೌದೌದು, ಚಿಪ್ಸ್ ವೆಜಿಟೇರಿಯನ್, ಬರೀ ಆಲೂಗಡ್ಡೆ’ ಅಂದ. ಮೀನೂ ಚಿಪ್ಸೂ ಒಂದೇ ಬಾಣಲೆಯಲ್ಲಾ ಅಂತಲೂ ಕೇಳಿದೆ. ‘ಬೇರೆ ಬೇರೆ’ ಅಂದ. ಎರಡನೆಯದು ನಿಜವೇ ಆಗಿತ್ತು.

ಅತ್ತೆ ಕೆಚಪ್ ಹಚ್ಚಿಕೊಂಡು ಅರ್ಧ ಪೊಟ್ಟಣ ಮುಗಿಸಿದ್ದರು. ‘ಚೆನ್ನಾಗಿದೆ, ಆದ್ರೆ ತುಟಿಗೆ ಏನೋ ಮೆತ್ತಿಕೊಂಡ ಹಾಗಾಗ್ತದೆ’ ಅಂದರು. ನನಗೆ ಆಗ ಹೊಳೆಯಲಿಲ್ಲ. ಡ್ರಿಪ್ಪಿಂಗ್ ತಣ್ಣಗಾದ ಹಾಗೆ ಗಟ್ಟಿಯಾಗುತ್ತದೆ, ಅದಕ್ಕೇ ಆ ಮೆತ್ತು. ಹೆಂಡತಿ ಮಗನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋದವಳು ಬಿರುಸಾಗಿ ವಾಪಸ್ ಬಂದಳು. ಹಿಂದಿನ ಓಣಿಯಲ್ಲಿ ಆಳೆತ್ತರಕ್ಕೆ ರಟ್ಟಿನ ಡಬ್ಬಗಳು, ಒಂದೊಂದರ ಮೇಲೂ ದನದ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಬೀಫ್ ಡ್ರಿಪ್ಪಿಂಗ್.

ಮ್ಯಾನೇಜರನ್ನು ಕರೆಸಿದೆವು. ಆತ ಒರಟನೇನಲ್ಲ, ಸಮಾಧಾನದಿಂದಲೇ ಮಾತಾಡಿದ. ಆದರೆ ಅವನ ವಾದ ಕೇಳಿ: ‘ಸರ್, ನಮ್ಮ ಬೋರ್ಡಿನಲ್ಲಿ ಸಾಂಪ್ರದಾಯಿಕವಾಗಿ ಕರಿದದ್ದು ಅಂತ ಬರೆದಿದ್ದೇವಲ್ಲ.’ ಅಂದರೆ ‘ಟ್ರೆಡಿಷನಲಿ ಫ್ರೈಡ್’ ಅಂತ ಕಂಡರೆ ದನದ ಕೊಬ್ಬು ಅಂತ ಸಾಗರದಿಂದ ಬಂದ ಅರವತ್ತೆಂಟರ ಹೆಂಗಸು ತಾನೇ ಅರ್ಥ ಮಾಡಿಕೊಳ್ಳಬೇಕಂತೆ! ಹುಡುಗ ಹೊಸಬ, ವಾರಾಂತ್ಯಕ್ಕೆ ಮಾತ್ರ ಬರುವವನು ಅಂದ. ಚಿಪ್ಸಿನ ದುಡ್ಡು ವಾಪಸ್ ಕೊಡುತ್ತೇನೆ ಅಂದ. ಅತ್ತೆಗೆ ವಿಷಯ ಹೇಳದೆ ಇರೋಣವಾ ಅಂತ ನಾವಿಬ್ಬರೂ ಒಂದು ಗಳಿಗೆ ಯೋಚಿಸಿದ್ದು ನಿಜ, ಆದರೆ ಅವರು ಅಷ್ಟರಲ್ಲಿ ನಮ್ಮ ಮುಖ ನೋಡಿ ತಿಳಿದುಕೊಂಡಿದ್ದರು. ‘ಗೊತ್ತಿಲ್ಲದೆ ತಿಂದದ್ದು, ದೋಷ ಇಲ್ಲ ಬಿಡಿ’ ಅಂತ ನನಗೇ ಸಮಾಧಾನ ಹೇಳಿದರು. ಮರುದಿನ ಮಾತ್ರ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಇಲ್ಲಿದ್ದಷ್ಟು ದಿನ ಆಮೇಲೆ ಹೊರಗೆ ಕಾಫಿಯನ್ನೂ ಕುಡಿಯಲಿಲ್ಲ.

ಮನೆಗೆ ಬಂದಮೇಲೆ ಕಾನೂನು ಏನು ಹೇಳುತ್ತದೆ ಅಂತ ಕೂತು ಓದಿದೆ. ಇದನ್ನು ಎಲ್ಲರೂ ತಿಳಿದುಕೊಂಡಿರಬೇಕು. ಈ ದೇಶದಲ್ಲಿ ಹೋಟೆಲಿನವರು ಕಡ್ಡಾಯವಾಗಿ ತಿಳಿಸಬೇಕಾದ ಅಲರ್ಜಿ ಪದಾರ್ಥಗಳು 14. ಗೋಧಿಯಂಥ ಗ್ಲುಟನ್ ಧಾನ್ಯ, ಮೀನು, ಸಿಗಡಿ-ಏಡಿ, ಹಾಲು, ಮೊಟ್ಟೆ, ಸಾಸಿವೆ, ಎಳ್ಳು, ಶೇಂಗಾ ಎಲ್ಲ ಅದರಲ್ಲಿವೆ. ದನದ ಕೊಬ್ಬು ಇಲ್ಲ, ಏಕೆಂದರೆ ಆ ಪಟ್ಟಿ ಮಾಡಿದ್ದು ಅಲರ್ಜಿಗಾಗಿ, ಆಚಾರಕ್ಕಾಗಿ ಅಲ್ಲ. ಹಾಗಾಗಿ ಜಾಣತನದಿಂದ ‘ಅಲರ್ಜಿ ಚಾರ್ಟ್ ಕೊಡಿ’ ಅಂತ ಕೇಳಿದಿರೋ, ಚಿಪ್ಸಿನ ಮುಂದಿನ ಖಾನೆಗಳೆಲ್ಲ ಖಾಲಿ ಕಾಣಬಹುದು, ಬಾಣಲೆಯಲ್ಲಿ ಡ್ರಿಪ್ಪಿಂಗ್ ಕುದಿಯುತ್ತಿದ್ದರೂ. ನಮ್ಮಲ್ಲಿ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಹುಡುಕುವ ಅಭ್ಯಾಸ ಇದೆಯಲ್ಲ, ಅಂಥ ಸರ್ಕಾರಿ ಗುರುತೂ ಇಲ್ಲಿಲ್ಲ. ಇರುವುದು ವೆಜಿಟೇರಿಯನ್ ಸೊಸೈಟಿಯಂಥ ಸಂಸ್ಥೆಗಳ ಮುದ್ರೆ, ಅದು ಬೇಕಾದವರು ಹಾಕಿಸಿಕೊಳ್ಳುವಂಥದ್ದು. ವೆಜಿಟೇರಿಯನ್ ಅಂದರೆ ಇಂಥದ್ದೇ ಅಂತ ಇಲ್ಲಿನ ಕಾನೂನು ಬಿಡಿಸಿ ಹೇಳಿಲ್ಲ. ಆದರೆ ಗ್ರಾಹಕರನ್ನು ದಾರಿತಪ್ಪಿಸುವ ಹಾಗೆ ಆಹಾರವನ್ನು ವರ್ಣಿಸಿ ಮಾರುವುದು 1990ರ ಫುಡ್ ಸೇಫ್ಟಿ ಆಕ್ಟ್ ಪ್ರಕಾರ ಅಪರಾಧ. ದೂರು ಕೊಡಬೇಕಾದ್ದು ಸ್ಥಳೀಯ ಆಡಳಿತದ ಗ್ರಾಹಕ ರಕ್ಷಣಾ ವಿಭಾಗವಾದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ, ದಾರಿ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯ ಮೂಲಕ. ನಾನು ಕೊಟ್ಟಿದ್ದೇನೆ. ಬಿಲ್ಲು, ಬೋರ್ಡಿನ ಫೋಟೊ, ಡಬ್ಬದ ಫೋಟೊ ಮೂರೂ ಇದ್ದದ್ದು ಅನುಕೂಲವಾಯಿತು.

ಇದೇನು ನಮಗೆ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆಗೆ ಬಂದೆವು ಅಂದಿತ್ತು. ಫ್ರೈಸ್‌ನಲ್ಲಿ ದನದ ಮಾಂಸದ ಫ್ಲೇವರ್ ಮಾತ್ರ ಉಳಿದೇ ಇತ್ತು. ಅದು ‘ನ್ಯಾಚುರಲ್ ಫ್ಲೇವರ್’ ಅನ್ನುವ ಹೆಸರಿನಡಿ ಅಡಗಿತ್ತು. 2001ರಲ್ಲಿ ಸಿಯಾಟಲ್‌ನ ವಕೀಲ ಹರೀಶ್ ಭಾರ್ತಿ ಕೇಸು ಹಾಕಿದರು. 2002ರಲ್ಲಿ ಕಂಪನಿ ಹಿಂದೂ, ಸಸ್ಯಾಹಾರಿ ಮತ್ತಿತರ ಸಂಘಟನೆಗಳಿಗೆ ಒಂದು ಕೋಟಿ ಡಾಲರ್ ಕೊಡಲು ಒಪ್ಪಿ, ಕ್ಷಮೆ ಕೇಳಿ ರಾಜಿಯಾಯಿತು. ಅಲ್ಲೂ ವರ್ಷಗಟ್ಟಲೆ ನಮ್ಮವರು ‘ಆಲೂಗಡ್ಡೆ ತಾನೇ’ ಅಂದುಕೊಂಡೇ ತಿಂದದ್ದು.

ವಿಟ್‌ಬಿಯ ಸಿಟ್ಟು ಇಳಿಯದೆ ಲೀಡ್ಸ್‌ನಲ್ಲಿ ನಮ್ಮ ಮನೆ ಸುತ್ತಮುತ್ತಲಿನ ಅಂಗಡಿಗಳಲ್ಲೂ ವಿಚಾರಿಸುತ್ತಾ ಬಂದೆ. ರುಚಿಯೂ ನೋಡಿದೆ, ಕುಂದಾಪುರದವನಿಗೆ ಇದಕ್ಕಿಂತ ನೆಪ ಬೇಕೇ?

ಬಸ್ ನಿಲ್ದಾಣದ ಹತ್ತಿರದ ಹಳೇ ಅಂಗಡಿಯಾತ ಕೇಳುವ ಮೊದಲೇ, ‘ನಿಮಗೆ ಆಗಲ್ಲಪ್ಪ, ನಮ್ಮದು ಡ್ರಿಪ್ಪಿಂಗ್’ ಅಂದುಬಿಟ್ಟ. ಕೌಂಟರಿನ ಮೇಲೆಯೂ ದೊಡ್ಡದಾಗಿ ಬರೆದು ಹಾಕಿದ್ದಾನೆ. ಅವನ ಮೇಲೆ ಗೌರವ ಬಂತು. ಮೀನು ಹ್ಯಾಡಕ್, ಚರ್ಮ ತೆಗೆದದ್ದು. ಯಾರ್ಕ್‌ಷೈರಿನವರಿಗೆ ಕಾಡ್ ಅನ್ನುವ ಮೀನಿಗಿಂತ ಹ್ಯಾಡಕ್ ಮೇಲೆಯೇ ಪ್ರೀತಿ. ನಾನೂ ದನ ತಿನ್ನುವವನಲ್ಲ, ಹಾಗಾಗಿ ರುಚಿಯ ತೀರ್ಪು ಪಕ್ಕದ ಮನೆಯವರದ್ದು: ಲೀಡ್ಸ್‌ನಲ್ಲೇ ನಂಬರ್ ಒನ್ ಅಂತೆ.

ಸೈಪ್ರಸ್ ಮೂಲದ ಕುಟುಂಬ ನಡೆಸುವ ಇನ್ನೊಂದು ಅಂಗಡಿ ಇದೆ. ಅಲ್ಲಿ ಪಾಮ್ ಎಣ್ಣೆ. ಚಿಪ್ಸ್‌ಗೆ ಬೇರೆ ಬಾಣಲೆ, ಮೀನಿಗೆ ಬೇರೆ, ಸಾಸೇಜು-ಕೋಳಿಗೆ ಬೇರೆ. ಯಜಮಾನಿ ಕೌಂಟರಿನ ಪಕ್ಕಕ್ಕೆ ಕರೆದು ಎಣ್ಣೆಯ ಡಬ್ಬ ತೋರಿಸಿದರು. ಆದರೂ ಒಂದು ಪ್ರಶ್ನೆ ಅಲ್ಲಿ ನಾನು ಹೊಸದಾಗಿ ಕಲಿತೆ. ರಾತ್ರಿ ಎಣ್ಣೆ ಸೋಸುವಾಗ ಎಲ್ಲ ಬಾಣಲೆಯದ್ದನ್ನೂ ಒಟ್ಟಿಗೆ ಸೋಸಿ ಮತ್ತೆ ಹಂಚುವವರಿದ್ದಾರಂತೆ. ಹಾಗೆ ಮಾಡಿದರೆ ಬೇರೆ ಬಾಣಲೆ ಇದ್ದೂ ಏನು ಬಂತು? ಅವರಲ್ಲಿ ಚಿಪ್ಸಿನ ಎಣ್ಣೆ ಚಿಪ್ಸಿಗೇ. ಮೀನು ಕಾಡ್, ಬೆರಳಲ್ಲಿ ಒತ್ತಿದರೆ ದೊಡ್ಡ ದೊಡ್ಡ ಎಸಳಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಅಂಜಲ್‌ನ ಬಿಗಿ ಇಲ್ಲ, ಬಂಗುಡೆಯ ಜಿಡ್ಡೂ ಇಲ್ಲ. ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ, ನಾನಂತೂ ಮನೆಯಿಂದ ಮೆಣಸಿನ ಪುಡಿ ಒಯ್ಯುತ್ತೇನೆ.

ಮೋಸ ಅಂತ ಮತ್ತೆ ಅನ್ನಿಸಿದ್ದು ಪೇಟೆ ನಡುವಿನ ಒಂದು ಪಬ್ಬಿನಲ್ಲಿ. ಹದಿನಾರು ಪೌಂಡು ಬೆಲೆ, ಚಂದದ ತಟ್ಟೆ, ಮೆನುವಿನಲ್ಲಿ ಯಾವ ಮೀನು ಅಂತಲೇ ಇಲ್ಲ, ಬರೀ ‘ಫಿಶ್’. ಬಾಯಿಗಿಟ್ಟರೆ ಮೆತ್ತಗೆ, ನೀರು ನೀರು, ಎಸಳಿಲ್ಲ, ಕೆಸರಿನ ವಾಸನೆ. ಸಮುದ್ರದ ಮೀನಲ್ಲ ಅಂತ ನಾಲಿಗೆಯೇ ಹೇಳಿತು. ಕೇಳಿದ್ದಕ್ಕೆ ಅಡುಗೆಮನೆಗೆ ಹೋಗಿ ಬಂದು ‘ಬಾಸಾ’ ಅಂದರು. ವಿಯೆಟ್ನಾಂ ಕಡೆ ಸಾಕಿ ಬೆಳೆಸುವ ಅಗ್ಗದ ಮೀನು. ಬೆಂಗಳೂರಿನ ಹೋಟೆಲುಗಳಲ್ಲಿ ಫಿಶ್ ಅಂಡ್ ಚಿಪ್ಸ್ ಅಂದರೆ ಬಹುಪಾಲು ಇದೇ, ಆದರೆ ಅಲ್ಲಿ ಎಷ್ಟೋ ಕಡೆ ಮೆನುವಿನಲ್ಲೇ ಹೆಸರು ಹಾಕಿರುತ್ತಾರೆ. ಇಲ್ಲಿ ಕಾಡ್ ಅಂತ ಬರೆದರೆ ಕಾಡ್ ಮೀನನ್ನೇ ಕೊಡಬೇಕು, ಬರೀ ಫಿಶ್ ಅಂದರೆ ಯಾವುದಾದರೂ ನಡೆಯುತ್ತದೆ. ಅದೇ ಪಬ್ಬಿನಲ್ಲಿ ಚಿಪ್ಸು, ಸಿಗಡಿ, ಕೋಳಿ ಎಲ್ಲ ಒಂದೇ ಫ್ರೈಯರ್‌ನಲ್ಲಿ. ಮೇಲಿಂದ ಹಿಟ್ಟಿಗೆ ಬಿಯರ್ ಕಲಸಿರುತ್ತಾರೆ, ಕುಡಿಯದ ಮನೆಯವರು ಅದನ್ನೂ ಕೇಳಿಕೊಳ್ಳಿ.

ಸಮುದ್ರದ ಪಕ್ಕದ ಅಂಗಡಿ ಅಂದಮಾತ್ರಕ್ಕೆ ಎದುರಿನ ದೋಣಿಯಿಂದ ಇಳಿದ ಮೀನು ಅಂದುಕೊಳ್ಳುವುದೂ ಬೇಡ. ಯಾರ್ಕ್‌ಷೈರ್ ಕರಾವಳಿಯ ದೋಣಿಗಳು ಈಗ ತರುವುದು ಹೆಚ್ಚಾಗಿ ಏಡಿ, ಲಾಬ್‌ಸ್ಟರ್. ಚಿಪ್ಸ್ ಅಂಗಡಿಯ ಕಾಡ್, ಹ್ಯಾಡಕ್ ಬಹುಪಾಲು ನಾರ್ವೆ, ಐಸ್‌ಲ್ಯಾಂಡ್ ಕಡೆಯ ತಣ್ಣೀರಿನದ್ದು, ಹಿಡಿದ ಕೆಲವೇ ಗಂಟೆಗಳಲ್ಲಿ ಹಡಗಿನಲ್ಲೇ ಫ್ರೀಜ್ ಮಾಡಿದ್ದು. ಅದು ಕೆಟ್ಟದ್ದೇನಲ್ಲ, ಎಷ್ಟೋ ಸಲ ‘ತಾಜಾ’ ಅನ್ನುವುದಕ್ಕಿಂತ ಒಳ್ಳೆಯದೇ. ನೋಟ ನೋಡಿ ಹೆಚ್ಚು ದುಡ್ಡು ಕೊಡಬೇಡಿ ಅಷ್ಟೇ.

ಕೇಳುವ ರೀತಿಯ ಬಗ್ಗೆ ಒಂದು ಮಾತು. ‘ಈಸ್ ಇಟ್ ವೆಜಿಟೇರಿಯನ್’ ಅಂತ ಕೇಳಬೇಡಿ. ಗಡಿಬಿಡಿಯಲ್ಲಿರುವ ಹುಡುಗ ಹೌದು ಅಂದುಬಿಡುತ್ತಾನೆ, ಅವನ ತಲೆಯಲ್ಲಿ ಆಲೂಗಡ್ಡೆ ಮಾತ್ರ ಇರುತ್ತದೆ. ‘ವಾಟ್ ಡು ಯು ಫ್ರೈ ಇನ್?’ ಅಂತ ಕೇಳಿ. ಇದಕ್ಕೆ ಹೌದು, ಇಲ್ಲ ಅನ್ನಲಾಗದು, ಕೊಬ್ಬಿನ ಹೆಸರೇ ಹೇಳಬೇಕು. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ. ಉತ್ತರದಲ್ಲಿ ‘ಟ್ರೆಡಿಷನಲ್’ ಅನ್ನುವ ಪದ ಬಂದರೆ ಮತ್ತೆ ಕೇಳಿ. ಕೆಲವು ಕಡೆ ಲಾರ್ಡ್, ಅಂದರೆ ಹಂದಿ ಕೊಬ್ಬು ಬಳಸುವುದೂ ಉಂಟು. ಮುಸ್ಲಿಂ ಗೆಳೆಯರಿಗೆ ಇದನ್ನು ಹೇಳಿ, ಅವರಿಗೆ ಹಲಾಲ್ ಅಲ್ಲದ ದನದ ಕೊಬ್ಬೂ ತೊಂದರೆಯೇ.

ಯಾರ್ಕ್‌ಷೈರಿನ ಮೆನುವಿನಲ್ಲಿ ನಾವು ಎಡವಿ ಬೀಳುವ ಇನ್ನೂ ಕೆಲವು ಗುಂಡಿಗಳಿವೆ. ‘ಸ್ಕ್ಯಾಲಪ್’ ಅಂತ ಇದ್ದರೆ ಚಿಪ್ಪುಮೀನಲ್ಲ, ಹಿಟ್ಟಲ್ಲಿ ಅದ್ದಿ ಕರಿದ ಆಲೂಗಡ್ಡೆ ಬಿಲ್ಲೆ, ನಮ್ಮ ಆಲೂ ಬಜ್ಜಿಯೇ. ಅದನ್ನು ನೋಡಿ ಧೈರ್ಯ ಬಂದು ಪಕ್ಕದಲ್ಲೇ ಅದೇ ಆಕಾರದಲ್ಲಿರುವ ‘ಯಾರ್ಕ್‌ಷೈರ್ ಫಿಶ್‌ಕೇಕ್’ ಕೈಗೆತ್ತಿಕೊಂಡರೆ ಎರಡು ಆಲೂಗಡ್ಡೆ ಬಿಲ್ಲೆಗಳ ನಡುವೆ ಮೀನು ಇರುತ್ತದೆ. ಆ ಸ್ಕ್ಯಾಲಪ್ ಕೂಡ ಮೀನಿನ ಬಾಣಲೆಯಲ್ಲೇ ಕರಿದದ್ದಿರಬಹುದು. ‘ಸ್ಕ್ರ್ಯಾಪ್ಸ್’ ಅಂತ ಪುಕ್ಕಟೆ ಉದುರಿಸುವ ಗರಿಗರಿ ಚೂರುಗಳು ಮೀನಿನಿಂದ ಉದುರಿದ ಹಿಟ್ಟು, ಮಕ್ಕಳು ಬೇಡಿದರೂ ಸಸ್ಯಾಹಾರಿ ಮಕ್ಕಳಿಗೆ ಕೊಡಬೇಡಿ. ಬಟಾಣಿ ಮುದ್ದೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗ್ರೇವಿ ಮುಟ್ಟುವ ಮೊದಲು ವಿಚಾರಿಸಿ.

ಸ್ಕಾಟ್ಲೆಂಡಿಗೆ ಹೊರಟವರೂ ಇದೇ ಪ್ರಶ್ನೆ ಕೇಳಿ, ಅಲ್ಲೂ ಡ್ರಿಪ್ಪಿಂಗ್ ಬಳಸುವ ಅಂಗಡಿಗಳಿವೆ. ಎಡಿನ್‌ಬರಾದಲ್ಲಿ ‘ಸಾಲ್ಟ್ ಅಂಡ್ ಸಾಸ್?’ ಅಂತ ಅಂಗಡಿಯವರೇ ಕೇಳುತ್ತಾರೆ, ಹೂಂ ಅಂದರೆ ಕಂದು ಬಣ್ಣದ ಹುಳಿ ಸಾಸು ಸುರಿಯುತ್ತಾರೆ. ಅದನ್ನು ನಾನು ಧಾರಾಳವಾಗಿ ಹಾಕಿಸಿಕೊಳ್ಳುತ್ತೇನೆ.